ಮಧುಗಿರಿಯ ಕಪ್ಪು ಮರಳು, ತುಮಕೂರು ರಸ್ತೆಯ ಕಾರ್ಬೈಡು

ಮುಂಗಾರಿನ ಮೊದಲ ಜೋರು ಮಳೆ ನಿಂತ ಮೇಲೆ ಮಧುಗಿರಿ, ಕೊರಟಗೆರೆ ಸೀಮೆಯ ಬೆಟ್ಟಗಳ ಬುಡದಲ್ಲಿ ಹರಿಯುವ ಹಳ್ಳಗಳನ್ನು ಗಮನಿಸಿದವರಿಗೆ ಒಂದು ಸಂಗತಿ ಕಾಣಿಸುತ್ತದೆ. ಬಿಳಿ ಮರಳಿನ ಮೇಲೆ ನೀರು ಸುಳಿದು ಹೋದ ಜಾಡಿನಲ್ಲಿ ಎಳ್ಳು ಚೆಲ್ಲಿದಂತೆ ಕಪ್ಪು ಗೆರೆಗಳು ಮೂಡಿರುತ್ತವೆ. ಹಳೆಯ ರೇಡಿಯೋದಿಂದ ಕಿತ್ತ ಅಯಸ್ಕಾಂತವನ್ನು ಆ ಗೆರೆಯ ಮೇಲೆ ಆಡಿಸಿದರೆ ಕಪ್ಪು ಹರಳುಗಳು ಮೀಸೆ ಕಟ್ಟಿಕೊಂಡು ಮೇಲೇಳುತ್ತವೆ. ಹಳ್ಳಿಯ ಮಕ್ಕಳಿಗೆ ಇದು ಆಟ. ಆದರೆ ಸುಮಾರು ಇನ್ನೂರ ಇಪ್ಪತ್ತೈದು ವರ್ಷಗಳ ಹಿಂದೆ ಇದೇ ಮರಳು ಒಂದು ಉದ್ಯಮದ ಮೂಲ ದ್ರವ್ಯವಾಗಿತ್ತು. ಇದರಿಂದ ಕಬ್ಬಿಣ, ಆ ಕಬ್ಬಿಣದಿಂದ ಉಕ್ಕು ಹುಟ್ಟುತ್ತಿತ್ತು. ಆ ಉಕ್ಕಿನಿಂದ ಕಲ್ಲುಕುಟಿಗರ ಉಳಿಯೂ ಸೈನಿಕರ ಕತ್ತಿಯೂ ವೀಣೆಯಂಥ ವಾದ್ಯಗಳ ತಂತಿಯೂ ತಯಾರಾಗುತ್ತಿದ್ದವು.

ಇಂದು ಮಧುಗಿರಿಯಿಂದ ಶಿರಾ ಕಡೆಗೆ ಹೊರಟರೆ ಸಿಗುವ ಬಡವನಹಳ್ಳಿಯಲ್ಲಾಗಲಿ, ಪಾವಗಡದ ಬಯಲಿನಲ್ಲಾಗಲಿ ಕಲ್ಲನ್ನು ಸೀಳುವ ಕೆಲಸ ಉಕ್ಕಿನ ಉಳಿಯದಲ್ಲ. ಬೇಸಿಗೆಯ ರಾತ್ರಿಗಳಲ್ಲಿ ಗುಡುಗುವ ಬೋರ್‌ವೆಲ್ ಯಂತ್ರದ ತುದಿಯಲ್ಲಿ ಗೋಲಿಗಳಂಥ ಬೂದುಬಣ್ಣದ ಗುಂಡಿಗಳಿರುತ್ತವೆ. ಸಾವಿರ ಅಡಿ ಆಳದ ಕಗ್ಗಲ್ಲನ್ನು ಪುಡಿ ಮಾಡುವುದು ಆ ಗುಂಡಿಗಳೇ. ಅವು ಟಂಗ್‌ಸ್ಟನ್ ಕಾರ್ಬೈಡಿನವು. ಹಳೆಯ ಉಕ್ಕಿಗೂ ಈ ಹೊಸ ಕಾರ್ಬೈಡಿಗೂ ಮೇಲ್ನೋಟಕ್ಕೆ ಯಾವ ನಂಟೂ ಇಲ್ಲ. ಆದರೆ ಎರಡರ ಕಥೆಯನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಒಂದೇ ಪ್ರಶ್ನೆ ಎದುರಾಗುತ್ತದೆ: ಒಂದು ವಸ್ತುವಿನ ಗುಣ ಕುಶಲಕರ್ಮಿಯ ಕೈಯಲ್ಲಿದೆಯೇ, ಅಥವಾ ಅವನು ಬಳಸುವ ಕಚ್ಚಾ ಸಾಮಗ್ರಿಯಲ್ಲಿದೆಯೇ?

ಬುಕಾನನ್ ಕಂಡ ಕುಲುಮೆ

1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿತ್ತು. ಮರುವರ್ಷವೇ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮದರಾಸಿನಿಂದ ಹೊರಟು ಮೈಸೂರು ಸೀಮೆಯನ್ನು ಸುತ್ತಿದ. ಹೊಸದಾಗಿ ಕೈಗೆ ಬಂದ ನಾಡಿನಲ್ಲಿ ಏನು ಬೆಳೆಯುತ್ತದೆ, ಏನು ತಯಾರಾಗುತ್ತದೆ, ಕಂಪನಿಗೆ ಯಾವುದು ಲಾಭ ಎಂಬುದನ್ನು ತಿಳಿಯುವುದು ಪ್ರವಾಸದ ಉದ್ದೇಶ. 1800ರ ಮಳೆಗಾಲದಲ್ಲಿ ಅವನು ಮಧುಗಿರಿ, ಚನ್ನರಾಯನದುರ್ಗ, ಶಿರಾಗಳ ಮೂಲಕ ಹಾದುಹೋದ. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಅವನ ಪ್ರವಾಸ ಕಥನದಲ್ಲಿ ಈ ಭಾಗದ ಉಕ್ಕಿನ ಕುಲುಮೆಯ ವಿವರ ಸೇರಿದೆ.

ಅವನು ಬರೆದಿರುವಂತೆ ಇಲ್ಲಿನ ಕಬ್ಬಿಣ ತಯಾರಾಗುತ್ತಿದ್ದುದು ಮಳೆಯ ನೀರು ಬೆಟ್ಟಗಳಿಂದ ತಂದು ಹಾಕುವ ಕಪ್ಪು ಮರಳಿನಿಂದ. ಕಬ್ಬಿಣವನ್ನು ಬೆಣೆಗಳಾಗಿ ಬಡಿದು, ಒಂದೊಂದು ಬೆಣೆಯನ್ನು ಮೂರು ತುಂಡು ಮಾಡುತ್ತಿದ್ದರು. ಸುಡದ ಜೇಡಿಮಣ್ಣಿನಿಂದ ಮಾಡಿದ, ಕೆಳಗೆ ಚೂಪಾದ ಮೂಸೆಯೊಂದರಲ್ಲಿ ಒಂದು ತುಂಡು ಕಬ್ಬಿಣ, ಮೂರು ರೂಪಾಯಿ ತೂಕದ ತಂಗಡಿ ಕಡ್ಡಿ, ಮೇಲೆ ಅಗಲ ಎಲೆಯ ಒಂದು ಬಳ್ಳಿಯ ಎರಡು ಹಸಿರೆಲೆ ಹಾಕಿ ಮಣ್ಣಿನ ಮುಚ್ಚಳವಿಟ್ಟು ಸಂದುಗಳನ್ನು ಮೆತ್ತುತ್ತಿದ್ದರು. ತಂಗಡಿ ಎಂದರೆ ಬೇರೆ ಯಾವುದೋ ಅಪರೂಪದ ಮೂಲಿಕೆಯಲ್ಲ. ಬಯಲುಸೀಮೆಯ ರಸ್ತೆಯ ಅಂಚಿನಲ್ಲಿ ಹಳದಿ ಹೂ ಬಿಟ್ಟು ನಿಲ್ಲುವ, ಕೆಲವೆಡೆ ಆವರಿಕೆ ಎಂದು ಕರೆಯುವ, ತೊಗಟೆಯಿಂದ ಚರ್ಮ ಹದ ಮಾಡುವ ಗಿಡ ಅದು.

ಹೀಗೆ ತುಂಬಿದ ಹದಿನಾಲ್ಕು ಮೂಸೆಗಳನ್ನು ಕುಲುಮೆಯ ಗುಂಡಿಯ ಮೇಲೆ ಕಮಾನಿನಂತೆ ಜೋಡಿಸುತ್ತಿದ್ದರು. ಹದಿನೈದನೆಯ ಮೂಸೆ ಖಾಲಿ. ಇದ್ದಿಲು ಹಾಕಬೇಕಾದಾಗ ಅದನ್ನು ಸರಿಸಿದರೆ ಅದೇ ಬಾಗಿಲು. ಸುಮಾರು ನಾಲ್ಕು ಗಂಟೆ ತಿದಿ ಒತ್ತಿದ ಮೇಲೆ ಒಂದು ಸುತ್ತು ಮುಗಿಯುತ್ತಿತ್ತು. ದಿನಕ್ಕೆ ಇಂಥ ಐದು ಸುತ್ತು. ಒಂದು ಕುಲುಮೆಗೆ ಹದಿಮೂರು ಜನ. ಮೂಸೆ ಮಾಡಿ, ತುಂಬಿ, ಕಮಾನು ಕಟ್ಟುವ ಹಿರಿಯನೊಬ್ಬ. ಉಳಿದವರು ಮೂವರಂತೆ ನಾಲ್ಕು ಪಾಳಿ. ಒಬ್ಬ ಬೆಂಕಿ ನೋಡಿಕೊಳ್ಳಲು, ಇಬ್ಬರು ತಿದಿ ಒತ್ತಲು. ಪಾಳಿ ಮುಗಿದ ಮೇಲೆ ಇವರೆಲ್ಲ ತಮ್ಮ ಹೊಲ ನೋಡಿಕೊಳ್ಳುತ್ತಿದ್ದ ಒಕ್ಕಲುಮಕ್ಕಳೇ. ಬಂಡವಾಳ ಹಾಕಲು ಬೇರೊಬ್ಬ ಸಾಹುಕಾರ.

ತಣ್ಣಗಾದ ಮೂಸೆ ಒಡೆದರೆ ಒಳಗೆ ಉಕ್ಕಿನ ಗಟ್ಟಿ. ಪೂರ್ತಿ ಕರಗಿ ಹೆಪ್ಪುಗಟ್ಟಿದ್ದರೆ ಅದರ ಮೇಲ್ಭಾಗದಲ್ಲಿ ನಡುವಿನಿಂದ ಅಂಚಿಗೆ ಕಿರಣಗಳಂತೆ ಗೆರೆಗಳು ಕಾಣುತ್ತಿದ್ದವು. ಅದು ಉತ್ತಮ ಉಕ್ಕಿನ ಗುರುತು. ಅರೆ ಕರಗಿದ್ದರೆ ಹಾಕಿದ ಕಬ್ಬಿಣದ ಆಕಾರವೇ ಉಳಿದಿರುತ್ತಿತ್ತು, ಅದಕ್ಕೆ ಬೆಲೆ ಕಡಿಮೆ. ಚನ್ನಪಟ್ಟಣದಲ್ಲಿ ಉಕ್ಕಿನಿಂದ ಎಳೆಯುತ್ತಿದ್ದ ವಾದ್ಯದ ತಂತಿ ದೂರದ ಪ್ರಾಂತ್ಯಗಳಿಗೂ ಹೋಗುತ್ತಿತ್ತು ಎಂಬುದನ್ನೂ ಬುಕಾನನ್ ದಾಖಲಿಸಿದ್ದಾನೆ.

ಈ ವಿದ್ಯೆ ಮಧುಗಿರಿ ಸೀಮೆಗಷ್ಟೇ ಸೀಮಿತವಾಗಿರಲಿಲ್ಲ. ನೆರೆಯ ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ತಾಲ್ಲೂಕಿನ ಘಟ್ಟಿಹೊಸಹಳ್ಳಿಯಲ್ಲಿ ಉಕ್ಕು ಕರಗಿಸಿದ ಮೂಸೆಗಳ ಚೂರುಗಳು ರಾಶಿಯಾಗಿ ದೊರೆತಿವೆ. ಕನ್ನಡದ ವಿಜ್ಞಾನ ಲೇಖಕರೂ ಭೂವಿಜ್ಞಾನಿಯೂ ಆದ ಟಿ.ಆರ್. ಅನಂತರಾಮು ಮತ್ತು ಬ್ರಿಟನ್ನಿನ ಪಾಲ್ ಕ್ರಾಡಕ್ ಮೊದಲಾದವರು ಅವುಗಳ ಅಧ್ಯಯನ ನಡೆಸಿ 1999ರಲ್ಲಿ ಪ್ರಬಂಧ ಪ್ರಕಟಿಸಿದರು.

ಮೂಸೆಯೊಳಗಿನ ಲೆಕ್ಕ

ಕಡ್ಡಿ, ಎಲೆ, ಹೊಟ್ಟು, ಮರಳು ಎಂದರೆ ಮಂತ್ರವಾದಿಯ ಪಟ್ಟಿಯಂತೆ ಕೇಳಿಸಬಹುದು. ಆದರೆ ಪ್ರತಿಯೊಂದಕ್ಕೂ ಅದರದೇ ಕೆಲಸವಿತ್ತು. ಶುದ್ಧ ಕಬ್ಬಿಣ ಕರಗಲು 1,538 ಡಿಗ್ರಿ ಸೆಲ್ಸಿಯಸ್ ಬೇಕು. ಕೈತಿದಿಯ ಕುಲುಮೆ ಅಷ್ಟು ಕಾವನ್ನು ಕೊಡಲಾರದು. ಮುಚ್ಚಿದ ಮೂಸೆಯಲ್ಲಿ ಕಡ್ಡಿ, ಎಲೆಗಳು ಇದ್ದಿಲಾಗುತ್ತವೆ. ಆ ಇಂಗಾಲವನ್ನು ಕಬ್ಬಿಣ ಹೀರಿಕೊಳ್ಳುತ್ತದೆ. ಹೀರಿದಂತೆಲ್ಲ ಕರಗುವ ಬಿಂದು ಕೆಳಗಿಳಿಯುತ್ತದೆ. ಇಂಗಾಲ ಶೇಕಡ ಒಂದರಿಂದ ಎರಡರ ನಡುವೆ ನಿಂತರೆ ಅದು ಈ ಬಗೆಯ ಉಕ್ಕು. ಅದಕ್ಕಿಂತ ತೀರ ಹೆಚ್ಚಾದರೆ ಬಡಿದರೆ ಒಡೆಯುವ ಬೀಡುಕಬ್ಬಿಣ, ಕಡಿಮೆಯಾದರೆ ಮೆದು ಕಬ್ಬಿಣ. ಮೂರು ರೂಪಾಯಿ ತೂಕ ಎಂದರೆ ಸುಮಾರು 34 ಗ್ರಾಂ. ನಾಣ್ಯವನ್ನೇ ತೂಕದ ಬೊಟ್ಟಾಗಿ ಬಳಸಿದ್ದರಲ್ಲಿ ಎಷ್ಟು ಎಚ್ಚರವಿತ್ತು ಎಂಬುದು ಇದರಿಂದ ತಿಳಿಯುತ್ತದೆ.

ಮೂಸೆಯೂ ಸಾಮಾನ್ಯ ಮಡಕೆಯಲ್ಲ. ದಕ್ಷಿಣ ಭಾರತದ ಉಕ್ಕಿನ ಮೂಸೆಗಳ ಚೂರುಗಳಲ್ಲಿ ಜೇಡಿಮಣ್ಣಿನೊಂದಿಗೆ ಭತ್ತದ ಹೊಟ್ಟು ಧಾರಾಳವಾಗಿ ಬೆರೆತಿದೆ. ಹೊಟ್ಟು ಸುಟ್ಟು ಉಳಿಯುವ ಸಿಲಿಕಾ ಬಿಸಿಗೆ ಜಗ್ಗುವುದಿಲ್ಲ. ಅದರ ಇಂಗಾಲ ಮೂಸೆಯೊಳಗೆ ಗಾಳಿಯ ಆಮ್ಲಜನಕ ಸುಳಿಯದಂತೆ ತಡೆಯುತ್ತದೆ. ಇನ್ನು ಇದ್ದಿಲು. ಕಲ್ಲಿದ್ದಲಿನಲ್ಲಿ ಗಂಧಕವಿರುತ್ತದೆ, ಅದು ಕಬ್ಬಿಣಕ್ಕೆ ಸೇರಿದರೆ ಕಾಯಿಸಿ ಬಡಿಯುವಾಗ ಸೀಳು ಬಿಡುತ್ತದೆ. ಮರದ ಇದ್ದಿಲಿನಲ್ಲಿ ಈ ಕಾಟವಿಲ್ಲ. ಅದಿರಿನಲ್ಲಿ ರಂಜಕ ಹೆಚ್ಚಿದ್ದರೂ ಅಷ್ಟೇ, ಕಮ್ಮಾರನ ಸುತ್ತಿಗೆಗೆ ಉಕ್ಕು ಒಗ್ಗುವುದಿಲ್ಲ. ಹೀಗಾಗಿ ಯಾವ ಹಳ್ಳದ ಮರಳು, ಯಾವ ಮರದ ಇದ್ದಿಲು ಎಂಬುದು ಬರಿಯ ಸಂಪ್ರದಾಯದ ಮಾತಾಗಿರಲಿಲ್ಲ.

ಲಂಡನ್ನಿನ ಹುಡುಕಾಟ

ಈ ಉಕ್ಕಿನ ಮಾದರಿಗಳು ಮುಂಬಯಿಯಿಂದ ಲಂಡನ್ನಿನ ರಾಯಲ್ ಸೊಸೈಟಿಗೆ ತಲುಪಿದವು. ಇಂಗ್ಲಿಷರು ಅದನ್ನು ಕರೆದದ್ದು ‘ವೂಟ್ಸ್’ ಎಂದು. ಕನ್ನಡದ ‘ಉಕ್ಕು’ ಎಂಬ ಮಾತೇ ನಾಲಿಗೆ ತಿರುಚಿಕೊಂಡು ಹಾಗಾಯಿತೆಂದು ಸಾಮಾನ್ಯವಾಗಿ ಒಪ್ಪಲಾಗಿದೆ. 1795ರಲ್ಲಿ ಜಾರ್ಜ್ ಪಿಯರ್‌ಸನ್ ಎಂಬ ವೈದ್ಯ ಅದರ ಮೇಲೆ ಪ್ರಬಂಧ ಓದಿ, ಇದು ಅದಿರಿನಿಂದ ನೇರವಾಗಿ ತಯಾರಾದದ್ದಿರಬೇಕೆಂದು ಊಹಿಸಿದ. ಐದೇ ವರ್ಷಗಳಲ್ಲಿ ಬುಕಾನನ್ ಕಣ್ಣಾರೆ ಕಂಡದ್ದು ಬೇರೆ.

ಮುಂದೆ ವಿದ್ಯುತ್ತಿನ ಸಂಶೋಧನೆಗಳಿಗೆ ಹೆಸರಾದ ಮೈಕೆಲ್ ಫ್ಯಾರಡೆ ಕಮ್ಮಾರನ ಮಗ. 1818ರಿಂದ ಕೆಲವು ವರ್ಷ ಅವನು ಜೇಮ್ಸ್ ಸ್ಟೋಡರ್ಟ್ ಎಂಬ ಚಾಕು ತಯಾರಕನೊಡನೆ ಈ ಉಕ್ಕಿನ ಬೆನ್ನು ಹತ್ತಿದ. ಹೊಳಪು ಕೊಟ್ಟು ಆಮ್ಲ ಸವರಿದರೆ ಮೇಲೆ ನೀರಿನ ಅಲೆಗಳಂಥ ಚಿತ್ತಾರ ಮೂಡುವುದೇಕೆ ಎಂಬುದು ಅವನ ಪ್ರಶ್ನೆ. ರಹಸ್ಯ ಅಲ್ಯೂಮಿನಿಯಂ ಅಂಶದಲ್ಲಿದೆ ಎಂದು ಅವರು ಮೊದಲು ನಂಬಿದರು. ಅದು ತಪ್ಪಾಗಿತ್ತು. ಆದರೆ ಆ ತಪ್ಪಿನ ಬೆನ್ನು ಹತ್ತಿ ಉಕ್ಕಿಗೆ ಬೆಳ್ಳಿ, ಪ್ಲಾಟಿನಂ, ರೋಡಿಯಂಗಳನ್ನು ಬೆರೆಸಿ ನೋಡಿದ್ದರಿಂದ ಮಿಶ್ರಲೋಹ ಉಕ್ಕುಗಳ ಅಧ್ಯಯನಕ್ಕೆ ದಾರಿಯಾಯಿತು. ಫ್ರಾನ್ಸಿನ ಬ್ರೆಯಾಂ, ರಷ್ಯದ ಅನೋಸೊವ್ ಕೂಡ ಅದೇ ಚಿತ್ತಾರದ ಬೆನ್ನು ಹತ್ತಿದರು. ಉತ್ತರ ಪೂರ್ತಿ ಕೈಗೆ ಸಿಗುವ ಹೊತ್ತಿಗೆ ಮೂಲ ಕುಲುಮೆಗಳೇ ತಣ್ಣಗಾಗಿದ್ದವು.

ಕುಲುಮೆ ಆರಿದ್ದೇಕೆ?

ಸಂಸ್ಥಾನಗಳ ಸೈನ್ಯಗಳು ಕರಗಿದ ಮೇಲೆ ಕತ್ತಿಗೆ ಬೇಡಿಕೆ ಇಳಿಯಿತು. 1856ರಲ್ಲಿ ಬೆಸೆಮರ್ ವಿಧಾನ ಬಂದು ಇಂಗ್ಲೆಂಡಿನಲ್ಲಿ ಉಕ್ಕು ಟನ್ನುಗಟ್ಟಲೆ ಅಗ್ಗವಾಗಿ ಹರಿಯಿತು. ಹಡಗು, ಆಮೇಲೆ ರೈಲು ಅದನ್ನು ಒಳನಾಡಿನ ಸಂತೆಗಳಿಗೂ ತಂದವು. ಇತ್ತ ಮೈಸೂರು ಸಂಸ್ಥಾನದಲ್ಲಿ 1860ರ ದಶಕದಲ್ಲಿ ಅರಣ್ಯ ಇಲಾಖೆ ರೂಪುಗೊಂಡು ಇದ್ದಿಲಿಗೆ ಮರ ಕಡಿಯುವುದು ಮೊದಲಿನಷ್ಟು ಸುಲಭವಾಗಿ ಉಳಿಯಲಿಲ್ಲ. ಒಂದು ಬದಿಯಲ್ಲಿ ಗಿರಾಕಿ, ಮತ್ತೊಂದು ಬದಿಯಲ್ಲಿ ಕಚ್ಚಾ ಸಾಮಗ್ರಿ, ಎರಡೂ ಕೈತಪ್ಪಿದ ಮೇಲೆ ಕುಶಲತೆ ಎಷ್ಟಿದ್ದರೇನು? ಪಾಳಿ ಮುಗಿಸಿ ಹೊಲಕ್ಕೆ ಹೋಗುತ್ತಿದ್ದವರಿಗೆ ಹೊಲವಷ್ಟೇ ಉಳಿಯಿತು. ಲೆಕ್ಕವನ್ನು ಬರೆದಿಟ್ಟಿದ್ದವನು ಹೊರಗಿನವನು. ಮಾಡಿ ಗೊತ್ತಿದ್ದವರು ಬರೆದಿಡಲಿಲ್ಲ.

ಚಿತ್ತಾರದ ಗುಟ್ಟಿಗೆ ಒಂದು ಗಟ್ಟಿಯಾದ ವಿವರಣೆ ದೊರೆತದ್ದು 1998ರಲ್ಲಿ. ಅಮೆರಿಕದ ಅಯೋವ ರಾಜ್ಯ ವಿಶ್ವವಿದ್ಯಾಲಯದ ಜಾನ್ ವರ್ಹೋವೆನ್ ಮತ್ತು ಕಮ್ಮಾರ ಆಲ್ಫ್ರೆಡ್ ಪೆಂಡ್ರೆ ಹಳೆಯ ಡಮಾಸ್ಕಸ್ ಕತ್ತಿಗಳ ಚೂರುಗಳನ್ನು ಪರೀಕ್ಷಿಸಿ, ತಾವೇ ಅಂಥ ಕತ್ತಿಗಳನ್ನು ಬಡಿದೂ ನೋಡಿದರು. ಬಿಳಿ ಅಲೆಗಳಂತೆ ಕಾಣುವುದು ಕಬ್ಬಿಣದ ಕಾರ್ಬೈಡಿನ ಸಣ್ಣ ಹರಳುಗಳ ಸಾಲು. ಅವು ಸಾಲುಗಟ್ಟಬೇಕಾದರೆ ಉಕ್ಕಿನಲ್ಲಿ ವನೇಡಿಯಂನಂಥ ಧಾತುವಿನ ಚೂರು ಅಂಶ ಇರಲೇಬೇಕು. ಅದು ಶೇಕಡ ಒಂದರ ನೂರನೆಯ ಭಾಗಕ್ಕಿಂತ ಕಡಿಮೆಯಿದ್ದರೂ ಸಾಕು. ಉಕ್ಕು ಹೆಪ್ಪುಗಟ್ಟುವಾಗ ವನೇಡಿಯಂ ಹರಳುಗಳ ಸಂದಿನಲ್ಲಿ ಸೇರಿಕೊಳ್ಳುತ್ತದೆ. ಕಮ್ಮಾರ ಮತ್ತೆ ಮತ್ತೆ ಕಾಯಿಸಿ ಬಡಿದಾಗ ಕಾರ್ಬೈಡು ಆ ಜಾಗಗಳಲ್ಲೇ ಬೆಳೆಯುತ್ತದೆ. ಈ ಧಾತು ಬಂದದ್ದು ಅದಿರಿನಿಂದ. ಅಂಥ ಅದಿರು ತೀರಿ ಬೇರೆ ಅದಿರು ಬಂದಾಗ ಕೈಚಳಕ ಅದೇ ಆಗಿದ್ದರೂ ಚಿತ್ತಾರ ಮೂಡಲಿಲ್ಲ. ಕಾರಣ ತಿಳಿಯದೆ ಕಮ್ಮಾರರು ಕೈಚೆಲ್ಲಿರಬೇಕು ಎಂಬುದು ಅವರ ವಾದ.

ವನೇಡಿಯಂ ಸಾಮಾನ್ಯವಾಗಿ ಅಯಸ್ಕಾಂತಕ್ಕೆ ಅಂಟುವ ಕಪ್ಪು ಅದಿರಿನ, ಅಂದರೆ ಮ್ಯಾಗ್ನೆಟೈಟಿನ ಒಡನಾಡಿ. ಕರ್ನಾಟಕದಲ್ಲೇ ಮಸಣಿಕೆರೆ, ಉಬ್ರಾಣಿ ಸುತ್ತಿನ ಮ್ಯಾಗ್ನೆಟೈಟಿನಲ್ಲಿ ಟೈಟೇನಿಯಂ ಜೊತೆಗೆ ವನೇಡಿಯಂ ಇರುವುದನ್ನು ಭೂವಿಜ್ಞಾನಿಗಳು ಗುರುತಿಸಿದ್ದಾರೆ. 2006ರಲ್ಲಿ ಜರ್ಮನಿಯ ಡ್ರೆಸ್ಡೆನ್ನಿನ ಪೀಟರ್ ಪೌಫ್ಲರ್ ತಂಡ ಹದಿನೇಳನೆಯ ಶತಮಾನದ ಕತ್ತಿಯೊಂದರ ಉಕ್ಕಿನಲ್ಲಿ ಇಂಗಾಲದ ಅತಿಸೂಕ್ಷ್ಮ ನಳಿಗೆಗಳನ್ನು ಕಂಡದ್ದಾಗಿ ವರದಿ ಮಾಡಿತು.

‘ವಜ್ರದಂತೆ’

ಕಾರ್ಬೈಡಿನ ಎರಡನೆಯ ಅಧ್ಯಾಯ ಇಪ್ಪತ್ತನೆಯ ಶತಮಾನದ್ದು. ಟಂಗ್‌ಸ್ಟನ್ ಎಂಬುದು 3,400 ಡಿಗ್ರಿ ದಾಟಿದ ಮೇಲಷ್ಟೇ ಕರಗುವ ಭಾರದ ಲೋಹ. ಬಲ್ಬಿನ ತಂತಿಗೆಂದು ಇದನ್ನು ಬಳಸುತ್ತಿದ್ದ ಜರ್ಮನಿಯ ಓಸ್ರಾಮ್ ಕಂಪನಿಗೆ ತಂತಿ ಎಳೆಯಲು ವಜ್ರದ ಅಚ್ಚುಗಳು ಬೇಕಾಗಿದ್ದವು. ಅವು ದುಬಾರಿ. ಬದಲಿ ಹುಡುಕುತ್ತಿದ್ದ ಕಾರ್ಲ್ ಶ್ರೋಟರ್ 1923ರಲ್ಲಿ ಟಂಗ್‌ಸ್ಟನ್ ಕಾರ್ಬೈಡಿನ ಪುಡಿಯನ್ನು ಕೋಬಾಲ್ಟ್ ಲೋಹದೊಂದಿಗೆ ಬೆರೆಸಿ, ಒತ್ತಿ, ಕಾಯಿಸಿ ಗಟ್ಟಿ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದ. ಕ್ರುಪ್ ಕಂಪನಿ ಇದನ್ನು ‘ವಿಡಿಯಾ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ‘ವಜ್ರದಂತೆ’ ಎಂಬರ್ಥದ ಜರ್ಮನ್ ಮಾತುಗಳ ಮೊದಲ ಅಕ್ಷರಗಳಿಂದ ಆದ ಹೆಸರದು.

1960ರ ದಶಕದಲ್ಲಿ ವಿಡಿಯಾ ಕಾರ್ಖಾನೆ ಬೆಂಗಳೂರಿನ ತುಮಕೂರು ರಸ್ತೆಗೂ ಬಂತು. 2002ರಲ್ಲಿ ಅಮೆರಿಕದ ಕೆನ್ನಮೆಟಲ್ ಸಂಸ್ಥೆ ವಿಡಿಯಾವನ್ನು ಕೊಂಡ ಮೇಲೆ ಫಲಕದ ಹೆಸರು ಬದಲಾಯಿತು. ಪೀಣ್ಯದ ಲೇತ್ ಕೆಲಸಗಾರರ ಬಾಯಲ್ಲಿ ಮಾತ್ರ ಯಾವ ಕಂಪನಿಯ ಕಾರ್ಬೈಡ್ ತುದಿಯಾದರೂ ‘ವಿಡಿಯಾ’ ಎಂದೇ ರೂಢಿಯಾಯಿತು. ಮಧುಗಿರಿ, ಶಿರಾಗಳಿಗೆ ಬೆಂಗಳೂರಿನಿಂದ ಹೋಗುವ ಬಸ್ಸುಗಳು ಈ ರಸ್ತೆಯಲ್ಲೇ ಹಾಯುತ್ತವೆ.

ಪುಡಿಯ ಗಾತ್ರವೇ ಗುಣ

ಕಾರ್ಬೈಡಿನ ಗುಣವೆಲ್ಲ ಅದರ ಕಣದ ಗಾತ್ರದಲ್ಲಿದೆ. ರವೆಗೂ ಹಿಟ್ಟಿಗೂ ಇರುವಷ್ಟೇ ವ್ಯತ್ಯಾಸ. ಬಂಡೆ ಕುಟ್ಟುವ ಬೋರ್‌ವೆಲ್ ಗುಂಡಿಗೆ ಪೆಟ್ಟು ತಡೆಯುವ ದಪ್ಪ ಕಣ ಬೇಕು. ಉಕ್ಕನ್ನು ನಯವಾಗಿ ಕೊರೆಯುವ, ಎಲೆಕ್ಟ್ರಾನಿಕ್ ಫಲಕಗಳಲ್ಲಿ ಕೂದಲಿನಷ್ಟು ಸಣ್ಣ ತೂತು ಮಾಡುವ ಸಾಧನಕ್ಕೆ ಒಂದು ಮೈಕ್ರಾನಿಗಿಂತ, ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತ, ಸಣ್ಣ ಕಣ ಬೇಕು. ಕಣ ನುಣುಪಾದಷ್ಟೂ ಗಡಸುತನ ಹೆಚ್ಚು, ಅಲಗು ಹರಿತ.

ನುಣುಪಾದ ಕಾರ್ಬೈಡನ್ನು ದಪ್ಪ ಕಾರ್ಬೈಡಿನಿಂದ ಅರೆದು ಪಡೆಯುವುದು ಕಷ್ಟ. ಅದು ಮೂಲದಿಂದಲೇ ನುಣುಪಾಗಿ ಬರಬೇಕು. ಅದಿರಿನಿಂದ ಮೊದಲು ಟಂಗ್‌ಸ್ಟನ್ನಿನ ಒಂದು ಬಿಳಿ ಲವಣ, ಅದನ್ನು ಕಾಯಿಸಿ ಆಕ್ಸೈಡು, ಅದರ ಮೇಲೆ ಜಲಜನಕ ಹಾಯಿಸಿ ಲೋಹದ ಪುಡಿ, ಆ ಪುಡಿಗೆ ಇಂಗಾಲದ ಮಸಿ ಬೆರೆಸಿ ಮತ್ತೆ ಕಾಯಿಸಿದರೆ ಕಾರ್ಬೈಡು. ಒಂದು ಹಂತದ ಕಣದ ಗುಣ ಮುಂದಿನ ಹಂತಕ್ಕೆ ಬಳುವಳಿಯಾಗಿ ಹೋಗುತ್ತದೆ. ಆಕ್ಸೈಡಿನ ಪುಡಿಯನ್ನು ತಟ್ಟೆಯಲ್ಲಿ ದಪ್ಪವಾಗಿ ಹರಡಿದರೆ ಜಲಜನಕದಿಂದ ಹುಟ್ಟುವ ನೀರಿನ ಆವಿ ಒಳಗೇ ಸಿಕ್ಕಿಕೊಳ್ಳುತ್ತದೆ. ಆ ತೇವದಲ್ಲಿ ಕಣಗಳು ದಪ್ಪಗಾಗುತ್ತವೆ. ತೆಳುವಾಗಿ ಹರಡಿ ಒಣ ಜಲಜನಕವನ್ನು ಜೋರಾಗಿ ಹಾಯಿಸಿದರೆ ನುಣುಪಾದ ಪುಡಿ. ಅಡುಗೆ ಉಪ್ಪಿನಲ್ಲಿರುವ ಸೋಡಿಯಂ, ಜೊತೆಗೆ ಪೊಟ್ಯಾಸಿಯಂ ಲೇಶಮಾತ್ರ ಉಳಿದಿದ್ದರೂ ಕಣ ಊದಿಕೊಳ್ಳುತ್ತದೆ.

ಇಂಗಾಲದ ಲೆಕ್ಕ ಇಲ್ಲಿಯೂ ಕಟ್ಟುನಿಟ್ಟು. ಟಂಗ್‌ಸ್ಟನ್ ಕಾರ್ಬೈಡಿನಲ್ಲಿ ತೂಕದ ಶೇಕಡ 6.13 ಇಂಗಾಲವಿರಬೇಕು. ಕಡಿಮೆಯಾದರೆ ಪೆಡಸಾದ ಬೇರೊಂದು ಸಂಯುಕ್ತ ಹುಟ್ಟಿ ಸಾಧನ ಸಿಡಿಯುತ್ತದೆ. ಹೆಚ್ಚಾದರೆ ಸೀಸದ ಕಡ್ಡಿಯ ಕರಿಯಂತೆ ಇಂಗಾಲ ಬಿಡಿಯಾಗಿ ಉಳಿದು ಬಲ ಕುಗ್ಗುತ್ತದೆ. ಮಧುಗಿರಿಯ ಹಿರಿಯ ಮೂರು ರೂಪಾಯಿ ತೂಗಿ ಕಾಪಾಡಿಕೊಂಡಿದ್ದ ಎಚ್ಚರವನ್ನೇ ಇಂದು ಪ್ರಯೋಗಾಲಯದ ಉಪಕರಣ ಕಾಪಾಡುತ್ತದೆ.

ಇನ್ನೊಂದು ಹೋಲಿಕೆ ಇನ್ನೂ ಸೋಜಿಗದ್ದು. ಪುಡಿಯನ್ನು ಕೋಬಾಲ್ಟಿನೊಂದಿಗೆ 1,400 ಡಿಗ್ರಿಯ ಆಸುಪಾಸು ಕಾಯಿಸುವಾಗ ಸಣ್ಣ ಕಣಗಳು ಕರಗಿ ದೊಡ್ಡ ಕಣಗಳಿಗೆ ಸೇರಿಕೊಳ್ಳುತ್ತವೆ, ಪಟ್ಟ ಶ್ರಮವೆಲ್ಲ ನೀರಿನಲ್ಲಿ ಹೋಮ. ಇದನ್ನು ತಡೆಯಲು ಶೇಕಡ ಒಂದಕ್ಕಿಂತ ಕಡಿಮೆ ಪ್ರಮಾಣದಲ್ಲಿ ಒಂದು ಧಾತುವಿನ ಕಾರ್ಬೈಡನ್ನು ಬೆರೆಸುತ್ತಾರೆ. ಅದು ಕಣಗಳ ಮೈಗೆ ಅಂಟಿ ಅವು ಬೆಳೆಯದಂತೆ ಕಾಯುತ್ತದೆ. ಆ ಧಾತುಗಳಲ್ಲಿ ಮುಖ್ಯವಾದದ್ದು ವನೇಡಿಯಂ. ಹಳೆಯ ಕತ್ತಿಯಲ್ಲಿ ಕಾರ್ಬೈಡನ್ನು ಸಾಲುಗಟ್ಟಿಸಿದ್ದೂ ವನೇಡಿಯಂ, ಹೊಸ ಸಾಧನದಲ್ಲಿ ಕಾರ್ಬೈಡನ್ನು ನುಣುಪಾಗಿ ಉಳಿಸುವುದೂ ವನೇಡಿಯಂ. ಅಲ್ಲಿ ಅದು ಅದಿರಿನೊಂದಿಗೆ ತಾನಾಗಿ ಬಂದಿತ್ತು, ಇಲ್ಲಿ ತೂಗಿ ಹಾಕುತ್ತಾರೆ.

ಅದಿರು ಯಾರ ಕೈಯಲ್ಲಿ?

ಟಂಗ್‌ಸ್ಟನ್ ಕರ್ನಾಟಕಕ್ಕೆ ತೀರ ಹೊರಗಿನದಲ್ಲ. ಕೋಲಾರದ ಚಿನ್ನದ ಅದಿರಿನ ಜೊತೆಗೆ ಷೀಲೈಟ್ ಎಂಬ ಟಂಗ್‌ಸ್ಟನ್ ಖನಿಜವೂ ಅಲ್ಪ ಪ್ರಮಾಣದಲ್ಲಿದೆ. ನೇರಳಾತೀತ ಬೆಳಕು ಬಿಟ್ಟರೆ ಕತ್ತಲಲ್ಲಿ ತಿಳಿನೀಲಿಯಾಗಿ ಹೊಳೆಯುವ ಕಲ್ಲದು. 2001ರಲ್ಲಿ ಗಣಿ ಮುಚ್ಚಿತು. ಪುಡಿಮಣ್ಣಿನ ದಿಬ್ಬಗಳು ಊರಿನ ನಡುವೆ ನಿಂತಿವೆ. ಭಾರತ ತನಗೆ ಬೇಕಾದ ಟಂಗ್‌ಸ್ಟನ್ನಿಗೆ ಹೊರದೇಶಗಳನ್ನೇ ನೆಚ್ಚಿದೆ. ಜಗತ್ತಿನ ಉತ್ಪಾದನೆಯ ಬಹುಪಾಲು ಚೀನಾದ್ದು. 2025ರ ಫೆಬ್ರುವರಿಯಲ್ಲಿ ಚೀನಾ ಟಂಗ್‌ಸ್ಟನ್ ರಫ್ತಿನ ಮೇಲೆ ನಿಯಂತ್ರಣ ಹೇರಿತು. ಹೀಗಾಗಿ ಸವೆದ ಕಾರ್ಬೈಡ್ ತುದಿಗಳನ್ನು ಗುಜರಿಯವರು ಕಬ್ಬಿಣದೊಂದಿಗೆ ಸೇರಿಸದೆ ಬೇರೆಯಾಗಿ ತೂಗಿ ಕೊಳ್ಳುತ್ತಾರೆ. ಅವನ್ನು ಸತುವಿನೊಂದಿಗೆ ಕಾಯಿಸಿ ಬಿಡಿಸಿದರೆ ಮತ್ತೆ ಪುಡಿ ದೊರೆಯುತ್ತದೆ. ಆದರೆ ಆ ಪುಡಿಯ ಕಣ ಹಳೆಯ ಸಾಧನದ ಕಣದಷ್ಟೇ ಇರುತ್ತದೆ. ದಪ್ಪ ಕಣದ ಬೋರ್‌ವೆಲ್ ಗುಂಡಿಯಿಂದ ನುಣುಪಾದ ಸಾಧನ ಹುಟ್ಟುವುದಿಲ್ಲ.

1800ರ ಕುಲುಮೆಗೆ ಬೇಕಾದ ಮರಳು, ಮಣ್ಣು, ಹೊಟ್ಟು, ತಂಗಡಿ, ಇದ್ದಿಲು ಎಲ್ಲವೂ ಕಾಲ್ನಡಿಗೆಯ ದೂರದಲ್ಲೇ ಇದ್ದವು. ಅವು ಕೈತಪ್ಪಿದಾಗ ವಿದ್ಯೆಯೂ ಹೋಯಿತು. ಇಂದಿನ ಕಾರ್ಖಾನೆಗೆ ವಿದ್ಯೆ ತಿಳಿದಿದೆ, ಬರೆದೂ ಇಟ್ಟಿದೆ. ಅದಿರು ಮಾತ್ರ ಸಮುದ್ರದಾಚೆಯದು. ಯಾವುದು ಮೇಲು ಎಂದು ತೂಗುವುದಕ್ಕಿಂತ ಎರಡಕ್ಕೂ ಇರುವ ಅಪಾಯ ಒಂದೇ ಎಂದು ತಿಳಿಯುವುದು ಹೆಚ್ಚು ಉಪಯುಕ್ತ. ಜಯಮಂಗಲಿಯ ಹಳ್ಳಗಳಲ್ಲಿ ಮಳೆ ಬಿದ್ದಾಗಲೆಲ್ಲ ಕಪ್ಪು ಗೆರೆ ಮೂಡುತ್ತಲೇ ಇದೆ. ಅದನ್ನು ಬಾಚಿ ತೆಗೆದು ಕರಗಿಸುವವರು ಮಾತ್ರ ಈಗ ಅಲ್ಲಿ ಇಲ್ಲ.